ಇಸ್ತ್ರಿ ಅಣವೀರಪ್ಪ ಮತ್ತು ಆರನೆಯ ಮನುಷ್ಯ

ಕುರ್ಲಾ ಸ್ಟೇಷನ್ನಿನ ಪಶ್ಚಿಮ ಬದಿಯಿಂದ ಒಂಬತ್ತು ನಿಮಿಷ ನಡೆದರೆ ಚೂನಾವಾಲಾ ಚಾಳು. ಚಾಳಿನ ಎದುರು ಗಲ್ಲಿಯಲ್ಲಿ ಆರಡಿ ಉದ್ದ, ಮೂರಡಿ ಅಗಲದ ಒಂದು ಮೇಜು. ಮೇಜಿನ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಇದ್ದಿಲು ತುಂಬಿದ ಆರು ಕಿಲೋ ತೂಕದ ಇಸ್ತ್ರಿ ಪೆಟ್ಟಿಗೆ. ಈ ಮೇಜಿನ ಹಿಂದೆ ಅಣವೀರಪ್ಪ ಮೂವತ್ತನಾಲ್ಕು ವರ್ಷದಿಂದ ನಿಂತಿದ್ದಾನೆ. ಸಿಂದಗಿಯ ಕಡೆಯಿಂದ ಬಂದಾಗ ಅವನಿಗೆ ಇಪ್ಪತ್ತನಾಲ್ಕು, ಈಗ ಐವತ್ತೆಂಟು. ಬಲ ಭುಜ ಎಡ ಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿದೆ. ಅದು ಪೆಟ್ಟಿಗೆಯ ಭಾರಕ್ಕೆ ಆದದ್ದೆಂದು ಅವನ ಹೆಂಡತಿ ನಾಗವ್ವ ಹೇಳುತ್ತಾಳೆ. ಹುಟ್ಟಿನಿಂದಲೇ ಹಾಗಿದೆ ಎಂದು ಅವನು ಹೇಳುತ್ತಾನೆ.

ಚಾಳಿನಲ್ಲಿ ಮೂರು ಅಂತಸ್ತು, ಅಂತಸ್ತಿಗೆ ಒಂಬತ್ತರಂತೆ ಇಪ್ಪತ್ತೇಳು ಕೋಣೆ. ಪ್ರತಿ ಕೋಣೆಯ ಬಟ್ಟೆಯೂ ಆ ಮನೆಯದೇ ಹಳೆಯ ಚಾದರದಲ್ಲಿ ಗಂಟಾಗಿ ಬರುತ್ತದೆ, ಅದರಲ್ಲೇ ಗಂಟಾಗಿ ಹಿಂತಿರುಗುತ್ತದೆ. ಅಣವೀರಪ್ಪ ಯಾವುದನ್ನೂ ಬರೆದಿಡುವುದಿಲ್ಲ. ಹಳಬರನ್ನು ಬಿಟ್ಟರೆ ಅವನಿಗೆ ಜನರ ಹೆಸರು ನಿಲ್ಲುವುದಿಲ್ಲ, ಕಾಲರು ನಿಲ್ಲುತ್ತದೆ. ಯಾರ ಅಂಗಿಯ ಎಡ ಜೇಬಿನಲ್ಲಿ ಪೆನ್ನಿನ ಕಲೆ, ಯಾರ ಮಗನ ಶಾಲೆಯ ಚಡ್ಡಿ ಈ ವರ್ಷ ಎರಡು ಬೆರಳು ಬಿಚ್ಚಿ ಉದ್ದ ಮಾಡಿದ್ದು, ಎಲ್ಲವೂ ಗೊತ್ತು. ಚಾಳಿನವರು ಊರಿಗೆ ಹೊರಡುವ ಮುಂಚೆ ಒಳ್ಳೆಯ ಸೀರೆಗಳ ಜೊತೆಗೆ ಹಾಸಿಗೆಯ ಚಾದರಗಳನ್ನೂ ಇಸ್ತ್ರಿಗೆ ಕೊಡುವುದು ರೂಢಿ. ಬಂದಾಗ ಮಡಿಯ ಹಾಸಿಗೆ ಸಿಗಲಿ ಎಂದು. ಆದ್ದರಿಂದ ಯಾವ ಮನೆ ಖಾಲಿ, ಎಷ್ಟು ದಿನ ಖಾಲಿ ಎಂಬುದು ಪಕ್ಕದ ಮನೆಯವರಿಗಿಂತ ಮೊದಲು ಅವನಿಗೆ ತಿಳಿಯುತ್ತದೆ. "ನನ್ನ ಮಾರಿ ಮರೀಬಹುದು, ನನ್ನ ಸೀರಿ ಅಂಚು ಮರಿಯಾಂಗಿಲ್ಲ ಈ ಮನಶ್ಯಾ," ಎಂದು ನಾಗವ್ವ ನೆರೆಹೊರೆಯವರ ಎದುರು ಹಂಗಿಸುವುದುಂಟು.

ಇಂಥವನು ಆಪತ್ತಿನ ಕೆಲಸದ ಸ್ವಯಂಸೇವಕನಾದದ್ದಕ್ಕೆ ಒಂದು ಹಳೆಯ ಕಾರಣವಿದೆ. ಎರಡು ಸಾವಿರದ ಐದರ ಮಹಾಮಳೆಯ ದಿನ ಗಲ್ಲಿಯಲ್ಲಿ ಎದೆಮಟ್ಟ ನೀರು ಬಂದಾಗ ಅವನು ಇಪ್ಪತ್ತು ಗಂಟುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಮೇಲಿನ ಅಂತಸ್ತಿಗೆ ಸಾಗಿಸಿದ್ದ. ಒಂದು ಕರವಸ್ತ್ರವೂ ನೆನೆಯಲಿಲ್ಲ. ಎಲ್ಲರೂ ಹೊಗಳಿದರು. ಆದರೆ ಅದೇ ಹೊತ್ತಿನಲ್ಲಿ ಮೇಜಿನ ಪಕ್ಕದ ಖೋಲಿಯಲ್ಲಿ ಒಬ್ಬಳೇ ಇದ್ದ ಮುದುಕಿಯನ್ನು ಯಾರೋ ದಾರಿಹೋಕರು ಬೆನ್ನ ಮೇಲೆ ಹೊತ್ತು ಹೊರಗೆ ತಂದಿದ್ದರು. ಅಣವೀರಪ್ಪನಿಗೆ ಅವಳ ನೆನಪೇ ಆಗಿರಲಿಲ್ಲ. ಆಕೆ ಆಮೇಲೆ ಹನ್ನೊಂದು ವರ್ಷ ಬದುಕಿ, ದಿನಾ ಅವನ ಮೇಜಿನ ಪಕ್ಕದಲ್ಲೇ ಕುಳಿತು ಚಹಾ ಕುಡಿದಳು. ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ವಾರ್ಡಿನವರು ಹನ್ನೆರಡು ಸಂಜೆಗಳ ತರಬೇತಿಯ ನೋಟೀಸನ್ನು ಅವನ ಮೇಜಿನ ಕಂಬಕ್ಕೇ ಅಂಟಿಸಿ ಹೋದಾಗ, ಓದಿ ಹೇಳಿದವಳು ನಾಗವ್ವ. ಸಂಜೆ ಎರಡು ತಾಸು ಇಸ್ತ್ರಿ ನಾನು ನೋಡಿಕೊಳ್ಳುತ್ತೇನೆ, ಹೋಗಿ ಎಂದಳು. ತರಬೇತಿಯಲ್ಲಿ ಮೂವತ್ತೊಂದು ಜನ. ಅವನನ್ನು ಬಿಟ್ಟರೆ ನಲವತ್ತು ದಾಟಿದವರಿಲ್ಲ. ಕಲಿಸಲು ಬಂದವನು ಅಗ್ನಿಶಾಮಕ ದಳದ ಅಧಿಕಾರಿ ಸುಹಾಸ. ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ದಹಿಸರಿನಲ್ಲಿ. ಮನೆಯಲ್ಲಿ ತುಳು, ಹೊರಗೆ ಮರಾಠಿ. ಕನ್ನಡ ಬರುತ್ತಿತ್ತು, ತಡವರಿಸಿಕೊಂಡು. ಅಣವೀರಪ್ಪ ಸಿಕ್ಕಿದ ಮೇಲೆ ಆ ಕನ್ನಡಕ್ಕೂ ಸ್ವಲ್ಪ ತರಬೇತಿಯಾಯಿತು.

ಮೊದಲ ದಿನವೇ ಸುಹಾಸ ಒಂದು ಮಾತು ಹೇಳಿದ. ನೀವು ಯಾರೂ ಅಗೆಯಲು ಬರಬೇಡಿ, ಅಗೆಯುವವರು ನಮ್ಮಲ್ಲಿದ್ದಾರೆ. ಎಲ್ಲಿ ಅಗೆಯಬೇಕು ಎಂಬುದು ಮಾತ್ರ ನಮಗೆ ಗೊತ್ತಿರುವುದಿಲ್ಲ. ಅದನ್ನು ಹೇಳಿ, ಮತ್ತೆ ನಾವು ಸುತ್ತ ಕಟ್ಟಿದ ಹಗ್ಗದ ಹೊರಗೆ ನಿಲ್ಲಿ. ಯುವಕರಿಗೆ ಈ ಮಾತು ಸಪ್ಪೆಯೆನಿಸಿತು. ಅಣವೀರಪ್ಪನಿಗೆ ಊಟ ಮಾಡಿದಷ್ಟು ಸಮಾಧಾನವಾಯಿತು. ಸ್ಟ್ರೆಚರು ಹೊರುವುದರಲ್ಲಿ ಅವನು ಹಿಂದೆ ಬಿದ್ದ, ಗಂಟು ಕಟ್ಟುವುದರಲ್ಲಿ ಎಲ್ಲರಿಗಿಂತ ಮುಂದೆ. ಹನ್ನೆರಡನೆಯ ದಿನ ಕೊಟ್ಟ ಕಿತ್ತಳೆ ಜಾಕೆಟ್ಟನ್ನು ಮರುದಿನವೇ ಇಸ್ತ್ರಿ ಮಾಡಿ ಹಾಕಿಕೊಂಡು ಬಂದು ನಿಂತಾಗ ಸುಹಾಸ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಇದಕ್ಕೆ ಯಾರಾದ್ರೂ ಇಸ್ತ್ರಿ ಹಾಕ್ತಾರಾ ಮಾರಾಯ್ರೆ? ಹೊಳೆಯುವ ಪಟ್ಟಿ ಕರಗಿ ಹೋದ್ರೆ?"

"ಮ್ಯಾಲ ಹಸಿ ಅರಿವಿ ಹಾಸಿ ಹೊಡದೀನ್ರಿ. ಕರಗಾಂಗಿಲ್ಲ," ಎಂದ ಅಣವೀರಪ್ಪ.

ಜುಲೈ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡು ನಲವತ್ತಕ್ಕೆ, ಚಾಳಿನ ಹಿಂಬದಿ ಕುಸಿಯಿತು. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಎರಡನೆಯ ಮಹಡಿಯ ಕೊನೆಯ ಮೂರು ಕೋಣೆ ಮೊದಲನೆಯ ಮಹಡಿಯ ಕೊನೆಯ ಮೂರರ ಮೇಲೆ ಕೂತವು. ಅದರ ಕೆಳಗಿನ ತಳ ತಡೆಯಿತು. ನೆಲಮಹಡಿಯವರು ಸದ್ದಿಗೇ ಹೊರಗೆ ಓಡಿ ಬಂದಿದ್ದರು. ಧೂಳು ಇಳಿಯುವ ಮೊದಲೇ ಸುಮಾರು ನಲವತ್ತು ಜನ ರಾಶಿಯ ಮೇಲೆ ಹತ್ತಿ ಇಟ್ಟಿಗೆ ಎಳೆಯತೊಡಗಿದರು.

ಅಣವೀರಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಇದ್ದಿಲಿಗೆ ನೀರು ಸುರಿದು, ಜಾಕೆಟ್ಟು ಹಾಕಿಕೊಂಡು ಓಡಿದ. ಮೇಲಿರುವ ಒಬ್ಬೊಬ್ಬರ ಭಾರವೂ ಕೆಳಗಿರುವವರ ಎದೆಯ ಮೇಲೆ ಎಂದು ಕಲಿತದ್ದು ಅವನಿಗೆ ಬಾಯಿಪಾಠವಾಗಿತ್ತು. ಇಳಿಯಿರಿ ಎಂದರೆ ಯಾರು ಕೇಳುತ್ತಾರೆ? ಅವನು ಬೈಯಲಿಲ್ಲ. ಕೆಲಸ ಕೊಟ್ಟ. ಇಬ್ಬರಿಗೆ ಆಂಬುಲೆನ್ಸಿನ ದಾರಿ ಬಿಡಿಸಲು ಹೇಳಿದ, ನಾಲ್ವರಿಗೆ ಬೈಕುಗಳನ್ನು ಎತ್ತಿ ಆಚೆ ಇಡಲು ಹೇಳಿದ, ಉಳಿದವರ ಕೈಗೆ ಹಗ್ಗ ಕೊಟ್ಟು ಸುತ್ತ ಹಿಡಿದು ನಿಲ್ಲಿಸಿದ. ಹನ್ನೊಂದು ನಿಮಿಷಕ್ಕೆ ಅಗ್ನಿಶಾಮಕ ಗಾಡಿ ಬಂದಾಗ ರಾಶಿಯ ಮೇಲೆ ಯಾರೂ ಇರಲಿಲ್ಲ.

ಸುಹಾಸ ಗಾಡಿಯಿಂದಿಳಿದು ಕೇಳಿದ ಮೊದಲ ಪ್ರಶ್ನೆ, ಒಳಗೆ ಎಷ್ಟು ಜನ ಎಂದು. ಒಬ್ಬರು ಹತ್ತು ಎಂದರು, ಇನ್ನೊಬ್ಬರು ಮೂವತ್ತು ಎಂದರು. ಒಬ್ಬ ಹೆಂಗಸು ಎಲ್ಲರೂ ಎಂದಳು. ಆಗ ಅವನ ಕಣ್ಣು ಕಿತ್ತಳೆ ಜಾಕೆಟ್ಟಿನ ಮೇಲೆ ಬಿತ್ತು.

"ಎಷ್ಟು ಜನ ಉಂಟು? ಅಂದಾಜು ಬೇಡ ನನಗೆ."

"ಆರು ಮಂದಿ ಅದಾರ್ರಿ."

"ಹೇಗೆ ಹೇಳ್ತೀರಿ?"

ಅಣವೀರಪ್ಪ ಒಂದೊಂದೇ ಕೋಣೆ ಹೇಳುತ್ತ ಹೋದ. ಹದಿನಾರರಲ್ಲಿ ಗಂಡ ರಮಾನಾಥ ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ, ಬಿಳಿ ಅಂಗಿ ಬೆಳಿಗ್ಗೆ ಒಯ್ದ. ಮನೆಯಲ್ಲಿ ಹೆಂಡತಿ ಚಂಪಾ ಒಬ್ಬಳೇ. ಹದಿನೇಳು ಖಾಲಿ, ಶನಿವಾರ ಹಾಸಿಗೆಯ ಚಾದರವೂ ಬಂದಿತ್ತು, ಊರಿಗೆ ಹೋಗಿದ್ದಾರೆ. ಹದಿನೆಂಟರಲ್ಲಿ ಮುದುಕಿ ಬೀಬೀಜಾನ ಮತ್ತು ಸೊಸೆ. ಮೇಲೆ, ಇಪ್ಪತ್ತೈದಕ್ಕೆ ಎರಡು ವರ್ಷದಿಂದ ಬೀಗ. ಇಪ್ಪತ್ತಾರರಲ್ಲಿ ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಅಂಗಾರ ಎಂಬ ಅಜ್ಜ ಮಾತ್ರ ಮನೆಯಲ್ಲಿ. ಇಪ್ಪತ್ತೇಳರಲ್ಲಿ ನಾಲ್ಕು ತಿಂಗಳ ಹಿಂದೆ ಬಂದ ಇಬ್ಬರು ಹುಡುಗರು. ಒಬ್ಬ ಶಾಲೆಯ ಬಸ್ಸಿನ ಡ್ರೈವರು, ಖಾಕಿ, ಎರಡು ಗಂಟೆಗೆ ಬರುತ್ತಾನೆ. ಇನ್ನೊಬ್ಬ ಗೋದಾಮಿನ ವಾಚ್‌ಮನ್ನು, ನೀಲಿ, ಸಂಜೆ ಏಳಕ್ಕೆ ಹೋಗುತ್ತಾನೆ. ಈ ಹೊತ್ತಿನಲ್ಲಿ ಮಲಗಿರುತ್ತಾನೆ.

ಸುಹಾಸ ಎಲ್ಲವನ್ನೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಆರು ಜನಕ್ಕೆ ಆರು ಚೌಕ, ಚೌಕದೊಳಗೆ ಕೋಣೆಯ ಅಂಕಿ. ಆಮೇಲೆ ಒಂದು ಉದ್ದ ಸೀಟಿ ಊದಿದ. ಎಲ್ಲರೂ ಸುಮ್ಮನಾಗಬೇಕೆಂಬ ಸಂಕೇತ ಅದು. ಗಲ್ಲಿಯಲ್ಲಿ ಮಳೆಯ ಸದ್ದು ಮಾತ್ರ ಉಳಿಯಿತು. ಹದಿನೆಂಟರ ಕಡೆಯಿಂದ ಪಾತ್ರೆ ಬಡಿಯುವ ಸದ್ದು ಕೇಳಿಸಿತು.

ಮೂರೂವರೆಗೆ ಸೊಸೆ, ಅದಾದ ಹತ್ತು ನಿಮಿಷಕ್ಕೆ ಬೀಬೀಜಾನ ಹೊರಬಂದರು. ಮುದುಕಿ ಬಂದವಳೇ ತನ್ನ ಸ್ಟೀಲಿನ ಡಬ್ಬ ಒಳಗೇ ಉಳಿಯಿತೆಂದು ಅಗ್ನಿಶಾಮಕ ದಳದ ಜವಾನನ ಜೊತೆ ಜಗಳ ತೆಗೆದಳು. ನಾಲ್ಕಕ್ಕೆ ಚಂಪಾ, ಕಾಲಿಗೆ ಪೆಟ್ಟು. ನಾಲ್ಕೂಕಾಲಿಗೆ ಅಂಗಾರ, ಮಂಚದ ಕೆಳಗೆ, ಒಂದು ಗೀರೂ ಇಲ್ಲದೆ. ನಾಲ್ಕು ಐವತ್ತಕ್ಕೆ ಇಪ್ಪತ್ತೇಳರ ಡ್ರೈವರು ಹುಡುಗ ಸಿಕ್ಕ. ಅವನ ಹೆಸರು ಜಹೀರ ಎಂಬುದು ಅಣವೀರಪ್ಪನಿಗೆ ತಿಳಿದದ್ದು ಆಗಲೇ. ಎಡಗೈ ಮುರಿದಿತ್ತು, ಹಣೆ ಒಡೆದಿತ್ತು. ರೂಮಿನಲ್ಲಿ ಇನ್ಯಾರು ಇದ್ದರು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಯಾರೂ ಇಲ್ಲ, ಯಾರೂ ಇಲ್ಲ ಎಂದ. ಅವನಿಗೆ ತನ್ನವರೆಂದು ಯಾರೂ ಇಲ್ಲದ್ದರಿಂದ ನಾಗವ್ವ ಆಟೋ ಹಿಡಿದು ಆಂಬುಲೆನ್ಸಿನ ಹಿಂದೆ ಆಸ್ಪತ್ರೆಗೆ ಹೋದಳು.

ಉಳಿದದ್ದು ಒಂದು ಚೌಕ. ಇಪ್ಪತ್ತೇಳರ ಮೂಲೆಯ ಮೇಲೆ ಒಂದು ಸ್ಲ್ಯಾಬು, ಸುಮಾರು ಎಂಟಡಿ ಉದ್ದದ್ದು, ಎರಡು ಕಬ್ಬಿಣದ ಸರಳಿನ ಮೇಲೆ ನೇತಾಡುತ್ತಿತ್ತು. ಅದರ ಕೆಳಗೆ ಹೋಗದೆ ಆ ಮೂಲೆ ಮುಟ್ಟುವಂತಿರಲಿಲ್ಲ. ಸುಹಾಸ ಮತ್ತೆ ಬಂದು ಅಣವೀರಪ್ಪನ ಎದುರು ನಿಂತ. ತಲೆಗೆ ಪೆಟ್ಟು ಬಿದ್ದವನ ಮಾತನ್ನು ಕೊನೆಯ ಮಾತೆಂದು ಹಿಡಿಯುವ ಹಾಗಿಲ್ಲ, ನೀವು ಹೇಳಿ ಎಂದ.

"ಇನ್ನೊಬ್ಬ ಪಕ್ಕಾ ಇದ್ದಾನಾ? ನನ್ನ ಇಬ್ಬರನ್ನು ಆ ಸ್ಲ್ಯಾಬಿನ ಕೆಳಗೆ ಕಳಿಸ್ಬೇಕು."

"ಅದಾನ್ರಿ. ವಾರಕ್ಕ ಎರಡು ಜೋಡಿ ನೀಲಿ ಬರ್ತಾವ. ಸ್ವಲ್ಪ ದಪ್ಪ ಮನಶ್ಯಾ, ನಲವತ್ತೆರಡರ ಅಂಗಿ. ಈಗ ಸಿಕ್ಕ ಖಾಕಿಯಂವ ಮೂವತ್ತೆಂಟು."

ಚಾಳಿನ ಇನ್ನಿಬ್ಬರೂ ಹೌದೆಂದರು: ಬೆಳಿಗ್ಗೆ ಖಾಕಿಯವನು ಹೋಗುವುದನ್ನೂ ಸಂಜೆ ಟೋಪಿ, ರೇನ್‌ಕೋಟು ಹಾಕಿಕೊಂಡು ನೀಲಿಯವನು ಹೋಗುವುದನ್ನೂ ಅವರು ನೋಡಿದ್ದರು. ಸ್ಲ್ಯಾಬಿಗೆ ಆಸರೆಯಾಗಿ ಮರದ ಟೇಕುಗಳನ್ನು ಕೊಟ್ಟು ಇಬ್ಬರು ಜವಾನರು ಒಳಗೆ ಹೋದರು.

ಅಣವೀರಪ್ಪನಿಗೆ ವಹಿಸಿದ್ದು, ಹೊರಗೆ ತಂದಿಟ್ಟ ಸಾಮಾನುಗಳನ್ನು ಕಾಯುವ ಕೆಲಸ. ಸೂಟ್‌ಕೇಸು, ಮಿಕ್ಸರು, ಕುರ್ಚಿ, ಒದ್ದೆ ಹಾಸಿಗೆ. ಅವನು ಕೋಣೆವಾರು ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದ. ಜವಾನರು ಒಳಗೆ ಹೋಗಿ ಮೂವತ್ತೈದು ನಿಮಿಷವಾದಾಗ ಇಪ್ಪತ್ತೇಳರಿಂದ ಒಂದು ಮುರಿದ ಹ್ಯಾಂಗರು ಬಂತು, ಅದರಲ್ಲಿ ಆ ನೀಲಿ ಅಂಗಿ. ಧೂಳು ಕೊಡವಲೆಂದು ಬೆನ್ನಿನ ಕಡೆ ತಿರುಗಿಸಿದ. ಬೆನ್ನಿನಲ್ಲಿ ಎರಡೂ ಪಕ್ಕಕ್ಕೆ ಬಟ್ಟೆಯನ್ನು ಮಡಿಸಿ ಸೇಫ್ಟಿ ಪಿನ್ನು ಚುಚ್ಚಿತ್ತು. ಒಂದೊಂದು ಕಡೆ ಎರಡೆರಡು ಇಂಚು.

ಆ ಅಂಗಿ ತನ್ನ ಕೈಗೆ ಬರುವಾಗ ಯಾವತ್ತೂ ಪಿನ್ನು ತೆಗೆದೇ ಬರುತ್ತಿತ್ತು. ಪಿನ್ನಿನ ನಾಲ್ಕು ತೂತುಗಳನ್ನು ಅವನು ವಾರವಾರವೂ ನೋಡಿದ್ದ. ಕಂಪನಿಯ ಹೆಸರಿನ ಪಟ್ಟಿಯದೋ ಏನೋ ಎಂದು ಅದರ ಮೇಲೆ ಪೆಟ್ಟಿಗೆ ಎಳೆದಿದ್ದ. ಈಗ ಅಂಗಿಯನ್ನು ಎತ್ತಿ ಹಿಡಿದ. ಪಿನ್ನಿನ ಸಮೇತ ಅದು ಮೂವತ್ತೆಂಟು.

ಕಂಪನಿಯವರು ಎಲ್ಲರಿಗೂ ಒಂದೇ ಅಳತೆಯ ಅಂಗಿ ಕೊಡುತ್ತಾರೆ. ತೆಳ್ಳಗಿನವನು ಪಿನ್ನು ಹಾಕಿಕೊಳ್ಳುತ್ತಾನೆ. ನಾಲ್ಕು ತಿಂಗಳಲ್ಲಿ ಆ ಕೋಣೆಯ ಇಬ್ಬರನ್ನು ಒಟ್ಟಿಗೆ ಎಂದಾದರೂ ನೋಡಿದ್ದೆನೇ ಎಂದು ಅಣವೀರಪ್ಪ ತನ್ನನ್ನೇ ಕೇಳಿಕೊಂಡ. ನೋಡಿರಲಿಲ್ಲ. ಎರಡೂ ಸಮವಸ್ತ್ರವನ್ನು ಒಂದೇ ಗಂಟಿನಲ್ಲಿ ತಂದು ಕೊಡುತ್ತಿದ್ದವನು ಖಾಕಿಯ ಹುಡುಗ. ಇದು ನಿನ್ನ ರೂಮಿನವನದೋ ಎಂದು ಒಮ್ಮೆ ಕೇಳಿದ್ದಕ್ಕೆ ಹ್ಞೂಂ ಕಾಕಾ ಎಂದಿದ್ದ, ಅಷ್ಟೆ.

ಅವನು ನಾಗವ್ವನಿಗೆ ಫೋನು ಮಾಡಿದ. ಹುಡುಗನಿಗೆ ಎಚ್ಚರವಿದೆಯೇ, ಇದ್ದರೆ ಒಂದು ಮಾತು ಕೇಳು, ನೀಲಿ ಅಂಗಿ ಯಾರದು ಎಂದ. ಆಕೆ ಫೋನನ್ನು ಹುಡುಗನ ಕಿವಿಗೇ ಹಿಡಿದಳು. ಆಮೇಲೆ ಜಹೀರನೇ ಮಾತಾಡಿದ.

"ನಂದ ಕಾಕಾ. ಎರಡೂ ನಂದ. ಡಬಲ್ ಡ್ಯೂಟಿ ಮಾಡ್ತೀನಿ. ಗೊತ್ತಾದ್ರ ಎರಡೂ ಕಡಿ ತಗದಹಾಕ್ತಾರ. ಯಾರಿಗೂ ಹೇಳಬ್ಯಾಡ್ರಿ."

ಅಣವೀರಪ್ಪ ಫೋನು ಜೇಬಿಗೆ ಹಾಕಿದ. ಹಗ್ಗದ ಆಚೆ ಇಡೀ ಚಾಳು ನಿಂತಿತ್ತು. ಇಸ್ತ್ರಿಯ ಕಾಕಾ ಆರು ಎಂದಿದ್ದಾನೆ, ಹಾಗಾದರೆ ಆರೇ, ಎಂದು ಯಾರೋ ಟೀವಿಯವನಿಗೆ ಹೇಳುತ್ತಿದ್ದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಮೂವತ್ತನಾಲ್ಕು ವರ್ಷದಲ್ಲಿ ಅವನು ಒಂದು ಅಂಗಿಯನ್ನೂ ತಪ್ಪು ಮನೆಗೆ ಕೊಟ್ಟವನಲ್ಲ. ಜವಾನರು ಇನ್ನು ಹತ್ತು ನಿಮಿಷದಲ್ಲಿ ಮೂಲೆ ಮುಟ್ಟುತ್ತಾರೆ, ಯಾರೂ ಇಲ್ಲವೆಂದು ತಾವೇ ಬರುತ್ತಾರೆ, ಆಗ ಯಾರೂ ಏನೂ ಕೇಳುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದು ನಿಜ, ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಆದರೆ ಸ್ಲ್ಯಾಬಿನಿಂದ ಒಂದು ಹಿಡಿ ಮಣ್ಣು ಸುರಿದು, ಟೇಕು ಕಿರ್ರೆಂದಾಗ ಅವನು ಹಗ್ಗ ದಾಟಿ ಸುಹಾಸನ ತೋಳು ಹಿಡಿದುಕೊಂಡಿದ್ದ.

"ಸಾಹೇಬ್ರ, ಅವರ್ನ ಹೊರಗ ಕರೀರಿ. ಒಳಗ ಯಾರೂ ಇಲ್ಲ. ನಂದ ತಪ್ಪಾತು. ಐದೇ ಮಂದಿ."

ಸುಹಾಸ ಯಾಕೆ ಎಂದು ಕೇಳಲಿಲ್ಲ. ಮೂರು ಸಣ್ಣ ಸೀಟಿ ಊದಿದ. ಇಬ್ಬರೂ ತೆವಳುತ್ತ ಹೊರಗೆ ಬಂದ ಮೇಲೆ, ಮಳೆಯಲ್ಲೇ ನಿಂತು, ಈಗ ಹೇಳಿ ಎಂದ. ಅಣವೀರಪ್ಪ ಅಂಗಿ ತೋರಿಸಿದ, ಪಿನ್ನು ತೋರಿಸಿದ, ಫೋನಿನ ಮಾತು ಹೇಳಿದ, ಹುಡುಗನ ನೌಕರಿಯ ಸಂಗತಿಯನ್ನು ಮಾತ್ರ ಕಿವಿಯಲ್ಲಿ ಹೇಳಿದ. ಸುಹಾಸ ಅಷ್ಟಕ್ಕೇ ಬಿಡಲಿಲ್ಲ. ಆಸ್ಪತ್ರೆಗೆ ತಾನೇ ಫೋನು ಮಾಡಿ ಜಹೀರನಿಂದ ಅದೇ ಮಾತನ್ನು ಕೇಳಿದ. ಉದ್ದ ಸೀಟಿ ಊದಿ ಮೂರು ಸಲ ಗಲ್ಲಿಯನ್ನು ಸುಮ್ಮನಿರಿಸಿ, ಕೂಗಿ, ಕಿವಿಗೊಟ್ಟು ಆಲಿಸಿದ. ಒಳಗಿನಿಂದ ಏನೂ ಬರಲಿಲ್ಲ. ಆಮೇಲೆ ಹಲಗೆಯ ಮೇಲಿನ ಆರನೆಯ ಚೌಕವನ್ನು ಅಂಗೈಯಿಂದ ಒರೆಸಿದ.

ಸ್ಲ್ಯಾಬು ಆ ದಿನ ಬೀಳಲಿಲ್ಲ. ಮರುದಿನ ಯಂತ್ರ ತಂದು ಕೆಡವಬೇಕಾಯಿತು.

ಒಳಗೆ ಹೋಗಿದ್ದ ಜವಾನರಿಬ್ಬರೂ ಅಣವೀರಪ್ಪನ ಮೇಜಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಕಂಬಳಿಯೆಲ್ಲ ಕೆಸರಾಗಿತ್ತು. ಅವನು ಹೋಗಿ ಅವರೆದುರು ನಿಂತು, ನಿಮ್ಮನ್ನು ಒಳಗೆ ಕಳಿಸಿದ್ದು ನನ್ನ ಮಾತು, ಒಂದು ಅಂಗಿ ನೋಡಿ ಮನುಷ್ಯನಿದ್ದಾನೆ ಎಂದುಬಿಟ್ಟೆ ಎಂದ. ಅವರಲ್ಲಿ ಹಿರಿಯನಾದ ಪ್ರಶಾಂತ, ಕಾರವಾರದ ಕಡೆಯವನು, ಲೋಟ ಕೆಳಗಿಟ್ಟ.

"ಅಂದ್ರೆ ನಲವತ್ತು ನಿಮಿಷ ನಾವು ಅಂಗಿ ಹುಡುಕಿದ್ದಾ ಕಾಕಾ?"

"ಹೌದಪಾ."

"ಸಿಕ್ತಲ್ಲ, ಬಿಡಿ," ಎಂದ ಪ್ರಶಾಂತ. ಇನ್ನೊಬ್ಬನ ಬಾಯಲ್ಲಿದ್ದ ಚಹಾ ಮೂಗಿಗೆ ಹತ್ತಿತು. ನಗು ಮುಗಿದ ಮೇಲೆ ಪ್ರಶಾಂತ, ಇಲ್ಲದ ಮನುಷ್ಯನಿಗಾಗಿ ತಾನು ಇದು ಮೂರನೆಯ ಸಲ ಅಗೆದದ್ದು, ಬಂದು ಹೇಳಿದವರು ಮಾತ್ರ ನೀವೇ ಮೊದಲು ಎಂದು ಹೇಳಿ, ಇನ್ನೊಂದು ಚಹಾ ಕೇಳಿದ.

ಸುಹಾಸ ವರದಿಯಲ್ಲಿ ಬರೆದದ್ದು ಎರಡು ಸಾಲು: ಸ್ವಯಂಸೇವಕ ಅಣವೀರಪ್ಪ ಆರು ಜನರ ಮಾಹಿತಿ ನೀಡಿದರು, ಸಂಜೆ ಐದೂವರೆಗೆ ಅದನ್ನು ಅವರೇ ಐದಕ್ಕೆ ತಿದ್ದಿದರು. ಅಂಗಿಯ ಸುದ್ದಿ ಅದರಲ್ಲಿಲ್ಲ. ಜಹೀರನ ಎರಡು ಕೆಲಸವೂ ಉಳಿದವು. ಕೈಯ ಪ್ಲಾಸ್ಟರು ಬಿಚ್ಚುವವರೆಗೆ ಎರಡೂ ಕಡೆ ರಜೆ ಹಾಕಿ ಅವನು ನಾಗವ್ವನ ಅಡುಗೆ ಉಂಡ.

ಚಾಳಿನವರನ್ನು ಸದ್ಯಕ್ಕೆ ಬೇರೆಡೆಗೆ ಸಾಗಿಸಿದ್ದರಿಂದ ಅಣವೀರಪ್ಪನ ಮೇಜೂ ಎರಡು ಗಲ್ಲಿ ಆಚೆಗೆ ಸಾಗಿತು. ಅಲ್ಲಿ ಅವನು ಹೊಸದೊಂದು ಕ್ರಮ ಹಿಡಿದಿದ್ದಾನೆ. ಗಂಟು ಬಿಚ್ಚುವಾಗ ಒಂದೊಂದು ಬಟ್ಟೆಯನ್ನೂ ಎತ್ತಿ, ಇದನ್ನು ಹಾಕಿಕೊಳ್ಳುವವರು ಯಾರು, ಹೆಸರೇನು, ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ ಎಂದು ಕೇಳುತ್ತಾನೆ. ಕಾಲೇಜಿಗೆ ಹೋಗುವ ಯಕ್ಷಿತಾ ಎಂಬ ಹುಡುಗಿ, ಇಸ್ತ್ರಿಗೆ ಕೊಟ್ಟೆನೋ ಆಧಾರ್ ಕಾರ್ಡಿಗೆ ಕೊಟ್ಟೆನೋ ಎಂದು ಹಿಂದಿಯಲ್ಲಿ ಗೊಣಗಿದಳು. ಗೊಣಗುತ್ತಲೇ ಮನೆಯ ನಾಲ್ವರ ಹೆಸರನ್ನೂ ಹೇಳಿದಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಎಂಟಕ್ಕೆ, ಸಮುದ್ರದ ಉಬ್ಬರವೂ ಮಳೆಯೂ ಒಟ್ಟಿಗೆ ಬಂದು ಆ ಗಲ್ಲಿಯ ತುದಿಯ ನಾಲೆ ಉಕ್ಕಿದಾಗ, ಅವನ ಫೋನು ಬಡಿದುಕೊಂಡಿತು. ಸುಹಾಸ. ನಾಲೆಯ ಪಕ್ಕದ ಸಾಲುಮನೆಗಳನ್ನು ಖಾಲಿ ಮಾಡಿಸಬೇಕು, ದೋಣಿ ಹೊರಟಿದೆ, ಹತ್ತು ನಿಮಿಷದಲ್ಲಿ ಅಲ್ಲಿರುತ್ತೇವೆ ಎಂದ.

"ಕೊನೆಯ ಮನೆಯಲ್ಲಿ ಎಷ್ಟು ಜನ ಉಂಟು ಅಣವೀರಪ್ಪ?"

ಅಣವೀರಪ್ಪನ ಮೊಳಕಾಲವರೆಗೆ ನೀರಿತ್ತು. ಕೊನೆಯ ಮನೆ ಅಲ್ಲಿಂದ ಮೂವತ್ತು ಹೆಜ್ಜೆ. ಅಲ್ಲಿಯವರೆಗೂ, ಹಿಡಿದು ನಡೆಯಲೆಂದು ತರಬೇತಿಯವರು ಕಟ್ಟಿದ ಹಗ್ಗವಿತ್ತು.

"ನಾಲ್ಕು ಮಂದಿ ನನಗ ಗೊತ್ರಿ. ಐದನೇದವ್ರದು ಒಂದು ಹೊಸಾ ಸೀರಿ ಬಂದದ, ಮಂದಿ ಬಂದಾರೋ ಇಲ್ಲೋ ಗೊತ್ತಿಲ್ಲ. ಫೋನು ಇಡಬ್ಯಾಡ್ರಿ. ಬಾಗಿಲಿಗೆ ಹೋಗಿ ಕೇಳಿ ಹೇಳ್ತೀನಿ."

ಸುಹಾಸ ಫೋನು ಇಡಲಿಲ್ಲ. ಅಣವೀರಪ್ಪ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಗ್ಗ ಹಿಡಿದು ನೀರಿನಲ್ಲಿ ನಡೆಯತೊಡಗಿದ.